ನೀಲಿಯಲ್ಲಿ ಉಳಿದ ಬಿಳುಪು

ನನ್ನ ತಂದೆಯವರ ಎರಡು ಕೈಗಳೂ ಮೊಣಕೈವರೆಗೆ ನೀಲಿಯಾಗಿದ್ದವು. ಉಗುರುಗಳ ಸಂದಿನಲ್ಲಿ, ಅಂಗೈಯ ಗೆರೆಗಳಲ್ಲಿ ಆ ಬಣ್ಣ ಎಷ್ಟು ಆಳವಾಗಿ ನೆಲೆಸಿತ್ತೆಂದರೆ, ಸೀಗೆಪುಡಿ ಹಾಕಿ ತಿಕ್ಕಿದರೂ, ಕಪಿಲೆಯ ನೀರಿನಲ್ಲಿ ಬಹುಹೊತ್ತು ನೆನೆಸಿದರೂ ಅದು ಹೋಗುತ್ತಿರಲಿಲ್ಲ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ನದಿಯ ದಡದಲ್ಲಿದ್ದ ಚಿಕ್ಕ ಹಳ್ಳಿ ನಮ್ಮದು. ಸುತ್ತಲಿನ ನೇಕಾರರು ತಂದುಕೊಡುತ್ತಿದ್ದ ಹತ್ತಿಯ ನೂಲಿಗೆ ನೀಲಿ ಬಣ್ಣ ಹಾಕಿಕೊಡುವುದು ತಂದೆಯವರ ಕಸುಬಾಗಿತ್ತು.

1972ರಲ್ಲಿ ನನ್ನನ್ನು ಪ್ರೌಢಶಾಲೆಗೆ ಸೇರಿಸಲು ಅವರು ಪಟ್ಟಣಕ್ಕೆ ಬಂದರು. ಅಂದು ಅವರು ಉಟ್ಟಿದ್ದುದು ಹಾಲಿನಂತಹ ಬಿಳಿಯ ಪಂಚೆ. ಹೆಗಲ ಮೇಲೆ ಒಂದು ನೀಲಿ ವಸ್ತ್ರ. ಅರ್ಜಿಗೆ ರುಜು ಹಾಕಲು ಅವರು ಲೇಖನಿಯನ್ನು ಹಿಡಿದಾಗ, ಪಕ್ಕದಲ್ಲಿದ್ದ ಹುಡುಗರು ಆ ಬೆರಳುಗಳನ್ನು ನೋಡಿ ಕಿಸಕ್ಕನೆ ನಕ್ಕರು. ನಾನು ಮೆಲ್ಲನೆ ಎರಡು ಹೆಜ್ಜೆ ಹಿಂದೆ ಸರಿದು, ಅವರ ಜೊತೆಗೆ ಬಂದವನೇ ಅಲ್ಲವೆಂಬಂತೆ ಕಿಟಕಿಯ ಹೊರಗೆ ನೋಡುತ್ತಾ ನಿಂತೆ. ತಂದೆಯವರು ಅದನ್ನು ಕಂಡರು. ರುಜು ಮಾಡಿ ಮುಗಿಸಿ, ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೈಗಳಿಗೆ ಸುತ್ತಿಕೊಂಡು ಹೊರನಡೆದರು. ದಾರಿಯಲ್ಲಿ ಆ ವಿಷಯವನ್ನು ಎತ್ತಲಿಲ್ಲ. ಆದರೆ ಆಮೇಲೆ ಅವರು ಎಂದೂ ನನ್ನ ಶಾಲೆಯ ಕಡೆಗೆ ಬರಲಿಲ್ಲ.

ನಂಜನ್ನು ಉಂಡು ಕೊರಳನ್ನು ನೀಲಿಯಾಗಿಸಿಕೊಂಡ ದೇವರ ಊರು ನಂಜನಗೂಡು. ಅಲ್ಲಿನ ರಥಬೀದಿಯಲ್ಲಿ ನೀಲಕಂಠನಿಗೆ ಕೈಮುಗಿದು ಬೆಳೆದ ನಾನು, ನೀಲಿಯ ಕೈಗಳಿಗೆ ನಾಚಿಕೊಂಡೆ. ಈ ವಿರೋಧಾಭಾಸ ನನಗೆ ಅರ್ಥವಾಗಲು ಬಹುಕಾಲ ಹಿಡಿಯಿತು.

ನಾನೂ ಉಪಾಧ್ಯಾಯನಾಗಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತನಾದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಜಪಾನ್ ದೇಶದ ನಗೋಯಾ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲಕಾಲದ ಹಿಂದೆ ಆತ ಅಂಚೆಯ ಮೂಲಕ ನನಗೊಂದು ಕೈವಸ್ತ್ರವನ್ನು ಕಳುಹಿಸಿದ. ಕಡುನೀಲಿಯ ಹತ್ತಿಬಟ್ಟೆ, ಅದರ ತುಂಬ ಸಾಸಿವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. “ಪಾಪ, ಯಾರೋ ಇದರ ಮೇಲೆ ಸುಣ್ಣದ ನೀರು ಸಿಡಿಸಿದ್ದಾರೆ” ಎಂದರು ನನ್ನ ಮನೆಯವರು. ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ರತಿಯೊಂದು ಚುಕ್ಕೆಯ ನಡುವೆಯೂ ಬಟ್ಟೆ ಸ್ವಲ್ಪ ಉಬ್ಬಿ ನಿಂತಿತ್ತು. ಬೆರಳಿಗೆ ಆ ಉಬ್ಬು ತಗಲಿದೊಡನೆ ನನ್ನ ಎದೆ ಝಲ್ಲೆಂದಿತು. ಅದು ಗಂಟು ಬಿಚ್ಚಿದ ಗುರುತು. ಬಾಳೆಯ ನಾರಿನಿಂದ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಮುಳುಗಿಸಿ, ಒಣಗಿದ ಮೇಲೆ ನಾರನ್ನು ಬಿಚ್ಚುತ್ತಿದ್ದ ತಂದೆಯವರ ಕೈಗಳನ್ನು ನಾನು ನಗೋಯಾದ ಬಟ್ಟೆಯಲ್ಲಿ ಕಂಡೆ.

ನೀಲಿ ಬಣ್ಣ ಇತರ ಬಣ್ಣಗಳಂತಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣ ನೂಲಿನೊಳಕ್ಕೆ ಇಳಿಯುವುದಿಲ್ಲ. ಅದನ್ನು ಕರಗಿಸಲು ಮೊದಲು ಅದರ ನೀಲಿತನವನ್ನೇ ಕಳೆಯಬೇಕು. ನಮ್ಮ ಹಿತ್ತಿಲಿನಲ್ಲಿ ಕುತ್ತಿಗೆಯವರೆಗೆ ಹೂತಿದ್ದ ಮೂರು ಗುಡಾಣಗಳಿದ್ದವು. ತಗಚೆ ಬೀಜವನ್ನು ಬೇಯಿಸಿ, ಆ ಲೋಳೆಗೆ ಸುಣ್ಣವನ್ನೂ ನುಣ್ಣಗೆ ಅರೆದ ನೀಲಿಯನ್ನೂ ಬೆರೆಸಿ ತಂದೆಯವರು ಗುಡಾಣಕ್ಕೆ ಹಾಕುತ್ತಿದ್ದರು. ಕೆಲವು ದಿನಗಳಲ್ಲಿ ಅದು ಹುಳಿತು, ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟುತ್ತಿತ್ತು. ಒಳಗಿನ ನೀರು ಹಳದಿ ಹಸಿರಾಗುತ್ತಿತ್ತು. ತಂದೆಯವರು ವಾಸನೆಯಿಂದಲೇ ಹದವನ್ನು ಅರಿಯುತ್ತಿದ್ದರು. ನೂಲನ್ನು ಅದ್ದಿ ಮೇಲೆತ್ತಿದಾಗ ಅದು ಮೊದಲು ಎಳೆಯ ಬಾಳೆ ಸುಳಿಯ ಬಣ್ಣದಲ್ಲಿರುತ್ತಿತ್ತು. ಗಾಳಿ ಸೋಕಿದಂತೆಲ್ಲ ನಮ್ಮ ಕಣ್ಣೆದುರಿಗೇ ಹಸಿರು ನೀಲಿಯಾಗುತ್ತಿತ್ತು. ಗಾಳಿಯಲ್ಲಿರುವ ಆಮ್ಲಜನಕವು ಬಣ್ಣದೊಡನೆ ಸೇರಿ, ಅದನ್ನು ಮತ್ತೆ ಕರಗದ ನೀಲಿಯನ್ನಾಗಿ ಮಾಡುತ್ತದೆಂದು ನಾನು ಶಾಲೆಯಲ್ಲಿ ಓದಿದೆ. ತಂದೆಯವರು ಅದನ್ನು “ನೂಲು ಉಸಿರಾಡಿತು” ಎಂಬ ಎರಡೇ ಪದಗಳಲ್ಲಿ ಹೇಳುತ್ತಿದ್ದರು.

ಹೀಗೆ ಬಣ್ಣವು ಎಲ್ಲೆಲ್ಲಿಯೂ ಹರಡುವುದಾದರೆ ಚಿತ್ತಾರ ಮೂಡುವುದು ಹೇಗೆ? ಬಣ್ಣವನ್ನು ತಡೆಯುವುದರಿಂದ. ಕುಂಚದಿಂದ ಬರೆಯುವವನು ಬೇಕಾದ ಕಡೆ ಬಣ್ಣವನ್ನು ಇಡುತ್ತಾನೆ. ತಡೆಬಣ್ಣದ ಕುಶಲಿಯು ಬೇಡವಾದ ಕಡೆ ಬಣ್ಣವು ಹೋಗದಂತೆ ಕಾಯುತ್ತಾನೆ. ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ. ನೇಯ್ದ ಬಟ್ಟೆಯನ್ನು ಅಲ್ಲಲ್ಲಿ ಚಿವುಟಿ ಹಿಡಿದು ದಾರದಿಂದ ಕಟ್ಟುವುದು ಒಂದು. ಬಟ್ಟೆಯ ಮೇಲೆ ಅಂಟು, ಮೇಣ ಅಥವಾ ಕೆಸರನ್ನು ಹಚ್ಚಿ ಆ ಭಾಗವನ್ನು ಮುಚ್ಚುವುದು ಎರಡನೆಯದು. ನೇಯುವುದಕ್ಕೆ ಮೊದಲೇ ನೂಲಿನ ಲಡಿಗಳನ್ನು ಲೆಕ್ಕ ಹಾಕಿ ಕಟ್ಟಿ ಅದ್ದುವುದು ಮೂರನೆಯದು. ನಮ್ಮ ತಂದೆಯವರದು ಈ ಮೂರನೆಯ ಮಾರ್ಗ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳಲ್ಲಿ ಈ ಬಗೆಯ ಕೆಲಸವನ್ನು ಇಂದಿಗೂ ಕಾಣಬಹುದು.

ಒಮ್ಮೆ ನೂಲನ್ನು ಮುಟ್ಟಿಸಲು ಹೋದಾಗ ತಂದೆಯವರು ನನ್ನನ್ನು ಸೋಮನಾಥಪುರಕ್ಕೆ ಕರೆದೊಯ್ದಿದ್ದರು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯ ಅಲ್ಲಿದೆ. ಗೋಡೆಯ ಬುಡದಲ್ಲಿ ಸುತ್ತಲೂ ಹರಿಯುವ ಬಳ್ಳಿಯ ಸಾಲನ್ನು ತೋರಿಸಿ ತಂದೆಯವರು ಹೇಳಿದರು: “ನೋಡು ಮಗು, ಈ ಬಳ್ಳಿಯನ್ನು ಯಾರೂ ತಂದು ಅಂಟಿಸಲಿಲ್ಲ. ಬೇಡದ್ದನ್ನು ಕೆತ್ತಿ ತೆಗೆದರು, ಬಳ್ಳಿ ಉಳಿಯಿತು. ನಮ್ಮ ಕೆಲಸವೂ ಅಂಥದೇ. ಉಳಿಸುವುದು ಗೊತ್ತಿರಬೇಕು.” ಅಂದು ನನ್ನ ಗಮನವೆಲ್ಲ ದೇವಾಲಯದ ಹೊರಗೆ ಮಾರುತ್ತಿದ್ದ ಕಡಲೆಕಾಯಿಯ ಮೇಲಿತ್ತು.

ಈ ವಿದ್ಯೆ ನಮ್ಮ ದೇಶಕ್ಕೆ ಬಹಳ ಹಳೆಯದು. ಏಳನೆಯ ಶತಮಾನದ ಬಾಣಕವಿಯು ‘ಹರ್ಷಚರಿತೆ’ಯಲ್ಲಿ ರಾಜ್ಯಶ್ರೀಯ ಮದುವೆಯ ಸಿದ್ಧತೆಯನ್ನು ವರ್ಣಿಸುವಾಗ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವುದನ್ನು ಹೇಳಿದ್ದಾನೆ. ಗುಜರಾತಿನಲ್ಲಿ ತಡೆಬಣ್ಣದಿಂದ ತಯಾರಾದ ಹತ್ತಿಯ ಬಟ್ಟೆಯ ಚೂರುಗಳು ಈಜಿಪ್ಟ್ ದೇಶದ ಹಳೆಯ ಕೈರೋವಿನ ನೆಲದಲ್ಲಿ ದೊರೆತಿವೆ. ಜಪಾನಿಗೂ ನಮಗೂ ನೂಲಿನ ನಂಟು ಉಂಟು. 799ರಲ್ಲಿ ಆ ದೇಶದ ಮಿಕಾವಾ ಪ್ರಾಂತದ ತೀರಕ್ಕೆ ಒಬ್ಬ ಪರದೇಶಿಯು ದೋಣಿಯಲ್ಲಿ ತೇಲಿಬಂದನೆಂದೂ, ತಾನು ‘ತೆಂಜಿಕು’, ಎಂದರೆ ಭಾರತ ದೇಶದವನೆಂದು ಹೇಳಿಕೊಂಡನೆಂದೂ, ಅವನ ಬಳಿ ಹತ್ತಿಯ ಬೀಜಗಳಿದ್ದವೆಂದೂ ಜಪಾನಿನ ಪ್ರಾಚೀನ ಇತಿಹಾಸ ಗ್ರಂಥಗಳಲ್ಲಿ ದಾಖಲೆಯಿದೆ. ಆ ಬೆಳೆ ಅಲ್ಲಿ ಆಗ ನೆಲೆಯೂರಲಿಲ್ಲ. ಹತ್ತಿ ಮತ್ತೆ ಬಂದು ಜಪಾನಿನಲ್ಲಿ ಹರಡಿದುದು ಏಳು ಶತಮಾನಗಳ ಅನಂತರ. ಮುಂದೆ ಯೂರೋಪಿನ ಹಡಗುಗಳು ನಮ್ಮ ಕರಾವಳಿಯ ಬಟ್ಟೆಗಳನ್ನು ಅಲ್ಲಿಗೆ ಒಯ್ದವು. ಮದರಾಸಿನ ಸಾಂತೋಮ್ ಎಂಬ ಸ್ಥಳದ ಹೆಸರು, ಒಂದು ಬಗೆಯ ಪಟ್ಟೆಬಟ್ಟೆಗೆ ‘ಸಾಂತೊಮೆ’ ಎಂದು ಜಪಾನೀ ಭಾಷೆಯಲ್ಲಿ ಇಂದಿಗೂ ಉಳಿದುಕೊಂಡಿದೆ.

ಎದೋ ಕಾಲದಲ್ಲಿ, ಎಂದರೆ ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ, ಜಪಾನಿನ ಆಳರಸರು ರೈತರೂ ಸಾಮಾನ್ಯರೂ ರೇಷ್ಮೆಯನ್ನು ಉಡಬಾರದೆಂದು ಮತ್ತೆ ಮತ್ತೆ ಕಟ್ಟಳೆ ಮಾಡಿದರು. ಬಡವರ ಪಾಲಿಗೆ ಉಳಿದದ್ದು ಹತ್ತಿ, ಸೆಣಬು ಮತ್ತು ನೀಲಿ. ಆ ಒಂದೇ ಬಣ್ಣದಲ್ಲಿ ಅವರು ಎಷ್ಟೊಂದು ಚೆಲುವನ್ನು ಸಾಧಿಸಿದರು! ನಗೋಯಾದ ಸಮೀಪದ ಅರಿಮತ್ಸು ಎಂಬ ಊರು 1608ರಲ್ಲಿ ಹೆದ್ದಾರಿಯ ಬದಿಯಲ್ಲಿ ನೆಲೆಗೊಂಡಿತು. ಅಲ್ಲಿಯವರು ಗಂಟು ಕಟ್ಟಿ ನೀಲಿಗೆ ಅದ್ದಿದ ಕೈವಸ್ತ್ರಗಳನ್ನು ದಾರಿಹೋಕರಿಗೆ ಮಾರತೊಡಗಿದರು. ಈ ಕೆಲಸಕ್ಕೆ ಜಪಾನೀಯರು ‘ಶಿಬೊರಿ’ ಎನ್ನುತ್ತಾರೆ. ಅರಿಮತ್ಸುವಿನಲ್ಲಿ ಸುಮಾರು ನೂರು ಬಗೆಯ ಗಂಟುಗಳು ಬಳಕೆಗೆ ಬಂದವು. ನನಗೆ ಬಂದ ವಸ್ತ್ರ ಆ ಊರಿನದೇ. ಅದರಲ್ಲಿದ್ದ ಚುಕ್ಕೆಗಳಿಗೆ ಅವರಿಟ್ಟ ಹೆಸರು ‘ಕಾನೊಕೊ’. ಜಿಂಕೆಯ ಮರಿ ಎಂದು ಅರ್ಥ. ಜಿಂಕೆಮರಿಯ ಬೆನ್ನಿನ ಮೇಲಿನ ಬೊಟ್ಟುಗಳನ್ನು ನೆನೆದರೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ.

ಅಂಟು ಹಚ್ಚುವ ಮಾರ್ಗದಲ್ಲಿ ಅವರು ಬಳಸುವುದು ಅಕ್ಕಿಯನ್ನು. ಅಂಟಕ್ಕಿಯ ಹಿಟ್ಟಿಗೆ ತೌಡನ್ನು ಬೆರೆಸಿ ಬೇಯಿಸಿ ಗಂಜಿ ಮಾಡುತ್ತಾರೆ. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಗಿಡವೊಂದರ ನಾರಿನಿಂದ ಮಾಡಿದ ಕಾಗದಕ್ಕೆ ಹಣ್ಣಿನ ರಸವನ್ನು ಬಳಿದು ಗಟ್ಟಿಮಾಡಿ, ಅದರಲ್ಲಿ ಚಿತ್ತಾರವನ್ನು ಕೊರೆಯುತ್ತಾರೆ. ಕೊರೆದ ಕಾಗದವನ್ನು ಬಟ್ಟೆಯ ಮೇಲಿಟ್ಟು ಗಂಜಿಯನ್ನು ಸವರಿದರೆ, ತೂತುಗಳ ಮೂಲಕ ಇಳಿದ ಗಂಜಿ ನೀಲಿಯನ್ನು ತಡೆಯುತ್ತದೆ. ತೊಳೆದಾಗ ಬಿಳಿಯ ಹೂವು ಅರಳುತ್ತದೆ. ನರಸೀಪುರದ ಸುತ್ತ ಹಿಪ್ಪುನೇರಳೆಯ ಸೊಪ್ಪು ರೇಷ್ಮೆಯ ಹುಳುವಿಗೆ ಆಹಾರ. ಅಕ್ಕಿಯ ಗಂಜಿ ನೇಕಾರನ ಹಾಸಿನ ನೂಲಿಗೆ ಬಲ. ಅವೇ ಬಗೆಯ ವಸ್ತುಗಳು ಅಲ್ಲಿ ಬೇರೊಂದು ಕೆಲಸಕ್ಕೆ ಒದಗಿದವು.

ಮೂರನೆಯ ಮಾರ್ಗದ ಕಥೆಯನ್ನು ನೀವು, ಅದರಲ್ಲಿಯೂ ವಿದ್ಯಾರ್ಥಿನಿಯರು, ಮನಸ್ಸಿಟ್ಟು ಕೇಳಬೇಕು. ಜಪಾನಿನ ದಕ್ಷಿಣದಲ್ಲಿರುವ ಕುರುಮೆ ಎಂಬ ಊರಿನಲ್ಲಿ 1788ರಲ್ಲಿ ಇನೊಉಎ ದೆನ್ ಎಂಬ ಬಾಲಕಿ ಹುಟ್ಟಿದಳು. ಅವಳಿಗೆ ಹನ್ನೆರಡು ಹದಿಮೂರು ವರ್ಷವಾಗಿದ್ದಾಗ, ಮಾಸಿದ ಹಳೆಯ ನೀಲಿ ಬಟ್ಟೆಯೊಂದರಲ್ಲಿ ಅಲ್ಲಲ್ಲಿ ಬಿಳಿಯ ಚುಕ್ಕೆಗಳು ಮೂಡಿರುವುದನ್ನು ಕಂಡಳು. ಬೇರೆಯವರಾಗಿದ್ದರೆ ಅದನ್ನು ಒರೆಸುವ ಬಟ್ಟೆಯಾಗಿ ಮಾಡುತ್ತಿದ್ದರು. ದೆನ್ ಅದರ ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ಬಿಳುಪು ಎಳೆಯ ಯಾವ ಭಾಗದಲ್ಲಿದೆ ಎಂದು ಪರೀಕ್ಷಿಸಿದಳು. ಅನಂತರ ಹೊಸ ನೂಲನ್ನು ಅದೇ ಅಂತರದಲ್ಲಿ ದಾರದಿಂದ ಕಟ್ಟಿ, ನೀಲಿಗೆ ಅದ್ದಿ, ಬಿಚ್ಚಿ ನೇಯ್ದಳು. ‘ಕುರುಮೆ ಕಸುರಿ’ ಎಂಬ ಪ್ರಖ್ಯಾತ ಬಟ್ಟೆ ಹುಟ್ಟಿದುದು ಹೀಗೆ. ಅವಳು ಆ ವಿದ್ಯೆಯನ್ನು ಬಚ್ಚಿಡದೆ ಹಲವು ಶಿಷ್ಯೆಯರಿಗೆ ಕಲಿಸಿದಳು. 1869ರಲ್ಲಿ ಅವಳು ತೀರಿಕೊಂಡಾಗ ಕಸುರಿಯು ಆ ನಾಡಿನ ಜನರ ಜೀವನೋಪಾಯವಾಗಿತ್ತು.

ಈ ಬಟ್ಟೆಗಳ ಚಿತ್ತಾರಗಳು ಬರಿಯ ಅಲಂಕಾರವಲ್ಲ. ಉಡುವವರಿಗೆ ಅವು ಹರಕೆ. ಸೆಣಬಿನ ಗಿಡ ನೆಟ್ಟಗೆ ಬೇಗನೆ ಬೆಳೆಯುತ್ತದೆ. ಆದ್ದರಿಂದ ಎಳೆಯ ಮಕ್ಕಳ ಅಂಗಿಗೆ ಸೆಣಬಿನ ಎಲೆಯ ನಕ್ಷತ್ರಾಕಾರದ ಚಿತ್ತಾರ. ಆಮೆಯ ಚಿಪ್ಪಿನ ಷಟ್ಕೋನವೂ ಕೊಕ್ಕರೆಯೂ ದೀರ್ಘಾಯುಷ್ಯಕ್ಕೆ. ಬಾಣದ ಗರಿಯ ಚಿತ್ತಾರ ಮದುವಣಗಿತ್ತಿಗೆ; ಬಿಟ್ಟ ಬಾಣ ಹಿಂದಿರುಗದಂತೆ ಅವಳು ಹೋದ ಮನೆಯಲ್ಲಿ ನೆಲೆಗೊಳ್ಳಲಿ ಎಂಬ ಹಾರೈಕೆ. ಚಳಿಯಲ್ಲಿಯೂ ಹಸಿರಾಗಿರುವ ಪೈನ್, ಬಾಗಿದರೂ ಮುರಿಯದ ಬಿದಿರು, ಹಿಮದ ನಡುವೆ ಹೂಬಿಡುವ ಪ್ಲಮ್ ಈ ಮೂರನ್ನೂ ಒಟ್ಟಿಗೆ ಬರೆದರೆ ಅದು ಕಷ್ಟಸಹಿಷ್ಣುತೆಯ ಸಂಕೇತ. ಸಾಲುಸಾಲಾದ ಅರ್ಧವೃತ್ತಗಳು ಸಮುದ್ರದ ಅಲೆಗಳು. ಹೊಸ್ತಿಲಿಗೆ ರಂಗವಲ್ಲಿ ಇಡುವ ನಮ್ಮ ತಾಯಂದಿರೂ ಚುಕ್ಕೆಯನ್ನೂ ಗೆರೆಯನ್ನೂ ಇಂಥ ಹಾರೈಕೆಗೇ ಅಲ್ಲವೆ ಬಳಸುವುದು?

ಜಪಾನಿನಲ್ಲಿ ನೀಲಿಯ ತವರು ತೊಕುಶಿಮಾ. ಅಲ್ಲಿಯ ಯೊಶಿನೊ ನದಿಯು ಮಳೆಗಾಲದಲ್ಲಿ ಉಕ್ಕಿ ಗದ್ದೆಗಳ ಮೇಲೆ ಹೊಸ ಮೆಕ್ಕಲನ್ನು ಹರಡುತ್ತಿತ್ತು. ಬಿರುಗಾಳಿಯ ತಿಂಗಳುಗಳಿಗೆ ಮೊದಲೇ ಕೊಯ್ಲಿಗೆ ಬರುವ ನೀಲಿ ಅಲ್ಲಿನ ರೈತನ ಕೈಹಿಡಿಯಿತು. ಅವರ ಗಿಡ ನಮ್ಮ ನೀಲಿ ಗಿಡದ ಜಾತಿಯದಲ್ಲ. ಎಲೆಗಳನ್ನು ಒಣಗಿಸಿ, ಸುಮಾರು ನೂರು ದಿನಗಳ ಕಾಲ ನೀರು ಚಿಮುಕಿಸಿ ಮಗುಚುತ್ತಾ ಕೊಳೆಸಿ, ಗೊಬ್ಬರದಂತಹ ಮುದ್ದೆಯನ್ನು ಮಾಡುತ್ತಾರೆ. ಅದನ್ನು ಬೂದಿಯ ನೀರಿನಲ್ಲಿ ಹುಳಿಯಿಸಿದರೆ ಬಣ್ಣ ಸಿದ್ಧ. ಗುಡಾಣದ ಮೇಲೆ ಏಳುವ ನೊರೆಯನ್ನು ಅವರು ‘ನೀಲಿಯ ಹೂ’ ಎನ್ನುತ್ತಾರೆ. ಎಷ್ಟು ಬಾರಿ ಅದ್ದಿದರೆ ಅಷ್ಟು ಗಾಢ. ಒಮ್ಮೆ ಮಾತ್ರ ಅದ್ದಿದ ತೆಳುನೀಲಿಗೆ ‘ಗುಡಾಣದೊಳಗೆ ಇಣುಕಿದ್ದು’ ಎಂಬ ಹೆಸರಿದೆ!

ಬಣ್ಣಗಾರನ ಉಡುಗೆ ಬಿಳಿ ಎಂಬರ್ಥದ ಗಾದೆಯೂ ಅವರಲ್ಲಿದೆ. ಊರಿಗೆಲ್ಲ ಬಣ್ಣ ಹಾಕುವವನಿಗೆ ತನ್ನ ಬಟ್ಟೆಗೆ ಹಾಕಿಕೊಳ್ಳಲು ಬಿಡುವಿಲ್ಲ ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಇನ್ನೊಂದು ಅರ್ಥವೂ ಉಂಟು: ದಿನವೆಲ್ಲ ಬಣ್ಣದ ನಡುವೆ ದುಡಿದರೂ ಒಂದು ಹನಿಯನ್ನೂ ಸಿಡಿಸಿಕೊಳ್ಳದ ಕೈಚಳಕ ಅವನದು. ಇದನ್ನು ಓದಿದಾಗ ಹಾಲಿನಂತಹ ಬಿಳಿಯ ಪಂಚೆಯನ್ನುಟ್ಟು ನನ್ನ ಶಾಲೆಗೆ ಬಂದ ತಂದೆಯವರ ಚಿತ್ರ ಕಣ್ಣಿಗೆ ಕಟ್ಟಿತು. ಅಂದು ಹುಡುಗರು ಕೈಯನ್ನು ಕಂಡರು; ಪಂಚೆಯನ್ನು ಯಾರೂ ಕಾಣಲಿಲ್ಲ. ನಾನೂ ಕಾಣಲಿಲ್ಲ.

ನೀಲಿಯ ಚರಿತ್ರೆಯಲ್ಲಿ ಚೆಲುವಿನಷ್ಟೇ ಕಣ್ಣೀರೂ ಇದೆ. ಬಂಗಾಳದಲ್ಲಿ ತೋಟದ ದೊರೆಗಳು ರೈತರಿಂದ ಬಲಾತ್ಕಾರವಾಗಿ ನೀಲಿಯನ್ನು ಬೆಳೆಸಿದರು. 1859ರಲ್ಲಿ ರೈತರು ದಂಗೆಯೆದ್ದರು. ಬಿಹಾರದ ಚಂಪಾರಣ್ಯದ ನೀಲಿ ಬೆಳೆಗಾರರ ಕಷ್ಟವನ್ನು ನಿವಾರಿಸಲು ಗಾಂಧೀಜಿಯವರು 1917ರಲ್ಲಿ ಸತ್ಯಾಗ್ರಹ ನಡೆಸಿದರು. ಅದಕ್ಕೆ ಮೊದಲೇ ಜರ್ಮನಿಯ ರಸಾಯನ ವಿಜ್ಞಾನಿ ಬೇಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ನೀಲಿಯನ್ನು ತಯಾರಿಸಿದ್ದರು. 1897ರಿಂದ ಕಾರ್ಖಾನೆಯ ನೀಲಿ ಪೇಟೆಗೆ ಬಂದಿತು. ಗಿಡದ ನೀಲಿ ಹಿಂದೆ ಸರಿಯಿತು. ನಮ್ಮ ತಾತನವರು ಗಿಡದ ನೀಲಿಯನ್ನು ಕಂಡಿದ್ದರು. ತಂದೆಯವರ ಕಾಲಕ್ಕೆ ಡಬ್ಬಿಯ ಪುಡಿ ಬಂದಿತ್ತು. ಆಮೇಲೆ ಬಣ್ಣ ಹಾಕಿದ ಗಿರಣಿಯ ನೂಲೇ ಅಂಗಡಿಗೆ ಬಂದಿತು. ನೇಕಾರರು ನಮ್ಮ ಬಾಗಿಲಿಗೆ ಬರುವುದು ನಿಂತಿತು. ಒಂದು ದಿನ ತಂದೆಯವರು ಮೂರು ಗುಡಾಣಗಳಿಗೂ ಮಣ್ಣು ತುಂಬಿ, ಅವುಗಳಲ್ಲಿ ಬಾಳೆಯ ಕಂದುಗಳನ್ನು ನೆಟ್ಟರು. ಅವರ ಕೈಯ ಬಣ್ಣ ಮಾತ್ರ ಕಡೆಯವರೆಗೂ ಪೂರ್ತಿಯಾಗಿ ಹೋಗಲಿಲ್ಲ.

ಜಪಾನಿನಲ್ಲಿಯೂ ಇದೇ ಸಂಕಟ ಬಂದಿತು. ಆದರೆ ಅಲ್ಲಿಯ ಸರ್ಕಾರವು ವಿದ್ಯೆಯನ್ನು ಬಲ್ಲ ಕೈಗಳನ್ನೇ ರಾಷ್ಟ್ರದ ಸಂಪತ್ತೆಂದು ಎಣಿಸಿತು. ಗುಡ್ಡಗಾಡಿನ ಹಳ್ಳಿಯಲ್ಲಿ ತಾನೇ ಸೆಣಬನ್ನೂ ನೀಲಿಯನ್ನೂ ಬೆಳೆದು, ನೂತು, ನೇಯ್ದು, ಬಣ್ಣ ಹಾಕುತ್ತಿದ್ದ ಚಿಬಾ ಅಯಾನೊ ಎಂಬ ರೈತಮಹಿಳೆಯನ್ನು 1955ರಲ್ಲಿ ಅದು ರಾಷ್ಟ್ರೀಯ ಗೌರವಕ್ಕೆ ಪಾತ್ರಳನ್ನಾಗಿ ಮಾಡಿತು. ನಮ್ಮಲ್ಲಿಯೂ ಈ ಎಚ್ಚರ ಇಲ್ಲದೆ ಇಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರವನ್ನು ಗಾಂಧೀಜಿಯವರು 1927ರಲ್ಲಿ ಸಂದರ್ಶಿಸಿದ್ದರು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗೆ ಸಹಜ ಬಣ್ಣಗಳನ್ನು ಹಾಕುತ್ತದೆ. ಆದರೂ ಎಷ್ಟೋ ಹಿತ್ತಿಲುಗಳಲ್ಲಿ ಗುಡಾಣಗಳು ಮುಚ್ಚಿಹೋದವು. ಅವುಗಳ ವಿದ್ಯೆಯನ್ನು ಬರೆದಿಟ್ಟವರಿಲ್ಲ. ನನ್ನ ತಂದೆಯವರ ವಿದ್ಯೆಯನ್ನು ಬರೆದಿಡಬೇಕಾಗಿದ್ದವನು ನಾನು. ಕನ್ನಡದಲ್ಲಿ ಎಂ.ಎ. ಮಾಡಿದೆ, ಅವರ ಗಂಟುಗಳ ಹೆಸರನ್ನು ಮಾತ್ರ ಕೇಳಿ ಬರೆದುಕೊಳ್ಳಲಿಲ್ಲ.

ಆ ಕೈವಸ್ತ್ರವನ್ನು ಹಿಡಿದು ನಾನು ನಮ್ಮೂರಿನ ಶಾಲೆಗೆ ಹೋದೆ. ಮಕ್ಕಳೊಡನೆ ಕುಳಿತು, ಬಾಳೆಯ ಪಟ್ಟೆಯಿಂದ ನಾರು ತೆಗೆದು, ಬಿಳಿಯ ಬಟ್ಟೆಯ ತುಂಡುಗಳಿಗೆ ಗಂಟು ಕಟ್ಟಿ ನೀಲಿಗೆ ಅದ್ದಿದೆವು. ನನ್ನ ಗಂಟುಗಳು ಸಡಿಲವಾಗಿದ್ದವು; ಬಣ್ಣ ಒಳಗೆ ನುಗ್ಗಿ ಬಟ್ಟೆಯೆಲ್ಲ ನೀಲಿಯಾಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಹಲ್ಲಿನಿಂದ ನಾರನ್ನು ಕಚ್ಚಿ ಎಳೆದು ಬಿಗಿದಿದ್ದಳು. ಅವಳ ಬಟ್ಟೆಯನ್ನು ಬಿಚ್ಚಿದಾಗ ಕಡುನೀಲಿಯ ನಡುವೆ ಒಂದೇ ಒಂದು ಬಿಳಿಯ ಚುಕ್ಕೆ ಅಚ್ಚಳಿಯದೆ ಉಳಿದಿತ್ತು. ಅವಳು ಸಂತೋಷದಿಂದ ಎರಡು ಕೈಗಳನ್ನೂ ಮೇಲೆತ್ತಿ ಗೆಳತಿಯರಿಗೆ ತೋರಿಸಿದಳು. ಆ ಕೈಗಳು ಮಣಿಕಟ್ಟಿನವರೆಗೆ ನೀಲಿಯಾಗಿದ್ದವು. ಅವುಗಳನ್ನು ಕಂಡು ಯಾರೂ ನಗಲಿಲ್ಲ.

ಪದಗಳ ಅರ್ಥ

ಗುಡಾಣ – ದೊಡ್ಡ ಮಣ್ಣಿನ ಪಾತ್ರೆ. ಲಡಿ – ನೂಲಿನ ಸುರುಳಿ. ತಗಚೆ – ಒಂದು ಬಗೆಯ ಕಾಡುಗಿಡ. ಹದ – ತಕ್ಕ ಪಾಕ. ಹಾಸು – ಮಗ್ಗದ ಉದ್ದನೆಯ ಎಳೆ. ಕಂದು – ಬಾಳೆಯ ಮರಿಗಿಡ. ಮೆಕ್ಕಲು – ನದಿಯು ತಂದು ಹಾಕುವ ಫಲವತ್ತಾದ ಮಣ್ಣು. ಕಟ್ಟಳೆ – ನಿಯಮ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾಳಿ ಸೋಕಿದಾಗ ನೂಲಿನ ಬಣ್ಣ ಹೇಗೆ ಬದಲಾಗುತ್ತಿತ್ತು?
2. ‘ಕಾನೊಕೊ’ ಎಂದರೇನು?
3. ಕಾರ್ಖಾನೆಯ ನೀಲಿ ಪೇಟೆಗೆ ಬಂದುದು ಯಾವಾಗ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಣ್ಣವನ್ನು ತಡೆಯುವ ಮೂರು ಮಾರ್ಗಗಳನ್ನು ವಿವರಿಸಿರಿ.
2. ಇನೊಉಎ ದೆನ್ ಹೊಸ ವಿದ್ಯೆಯನ್ನು ಕಂಡುಕೊಂಡ ಬಗೆ ಹೇಗೆ?
3. ಬಣ್ಣಗಾರನ ಬಿಳಿಯ ಉಡುಗೆಯ ಗಾದೆಯು ಲೇಖಕರಿಗೆ ತಂದೆಯವರನ್ನು ನೆನಪಿಸಿದುದೇಕೆ?

ಇ. ಸಂದರ್ಭ ಸಹಿತ ವಿವರಿಸಿರಿ.
1. “ಉಳಿಸುವುದು ಗೊತ್ತಿರಬೇಕು.”
2. “ನೂಲು ಉಸಿರಾಡಿತು.”

ಈ. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಮಳೆಗಾಲ, ಬೇರೊಂದು. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಅಂಗೈ, ನೀಲಕಂಠ.

ಉ. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಹಿರಿಯರೊಬ್ಬರು ಬಲ್ಲ ಕೈಕಸುಬನ್ನು ಅವರಿಂದಲೇ ಕೇಳಿ ತಿಳಿದು, ಅವರು ಬಳಸುವ ಪದಗಳನ್ನು ಬಿಡದೆ ಬರೆಯಿರಿ.